ಹರಡದ ಕಾಯಿಲೆಗೆ ಹೆದರುವವರಾರು?



ಈ ಸಲ ನೆನಪಿನ ಬುತ್ತಿಯನ್ನು ಬದಿಗಿಟ್ಟು ಒಂದು ವಾದವನ್ನು ನಿಮ್ಮ ಮುಂದಿಡುತ್ತಿದ್ದೇನೆ. ಅದು ಶಿವಮೊಗ್ಗ ಜಿಲ್ಲೆಯ ಎರಡು ಕಾಯಿಲೆಗಳಿಗೆ ಸಂಬಂಧಿಸಿದ್ದು. ಎರಡಕ್ಕೂ ಅಲ್ಲಿನ ಊರುಗಳ ಹೆಸರೇ ಅಂಟಿಕೊಂಡಿದೆ. ಒಂದನ್ನು ಜಗತ್ತಿನ ವೈರಸ್ ತಜ್ಞರೆಲ್ಲ ಬಲ್ಲರು. ಇನ್ನೊಂದನ್ನು ಪಕ್ಕದ ಜಿಲ್ಲೆಯವರೂ ಸರಿಯಾಗಿ ಅರಿಯರು.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಸುತ್ತಲಿನ ಹಳ್ಳಿಗರು ಜ್ವರದಿಂದ ಮಲಗಿದರು. ಏಷ್ಯಾದಲ್ಲಿ ಅದುವರೆಗೆ ಕಾಣಿಸದಿದ್ದ ಹಳದಿ ಜ್ವರ ಭಾರತಕ್ಕೆ ಕಾಲಿಟ್ಟಿತೇ ಎಂಬ ಶಂಕೆ ಮೂಡಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಧಾವಿಸಿದರು. ಇದು ಹಳದಿ ಜ್ವರವಲ್ಲ, ಉಣುಗಿನಿಂದ ಬರುವ ಹೊಸದೊಂದು ವೈರಸ್ಸಿನ ಕಾಟವೆಂಬುದನ್ನು ಬೇಗನೆ ಪತ್ತೆಹಚ್ಚಿದರು. ಅದೇ ನಾವೆಲ್ಲ ಕೇಳಿರುವ ಮಂಗನ ಕಾಯಿಲೆ.

ಅದಾದ ಸುಮಾರು ಎರಡು ದಶಕಗಳ ಬಳಿಕ, 1975ರ ಆಸುಪಾಸಿನಲ್ಲಿ, ನೆರೆಯ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ ಮತ್ತೊಂದು ಕಾಯಿಲೆ ಬೆಳಕಿಗೆ ಬಂತು. ಸೊಂಟ ಮತ್ತು ಮೊಣಕಾಲಿನ ಕೀಲುಗಳಲ್ಲಿ ನೋವು. ಬರಬರುತ್ತ ನಡಿಗೆಯೇ ಕಷ್ಟ. ಕೆಲವರಿಗೆ ಬೆನ್ನುಮೂಳೆಯ ವಿಕಾರ, ಕೆಲವರಿಗೆ ಕುಬ್ಜತೆ. ಇದಕ್ಕೆ ತುತ್ತಾದವರಲ್ಲಿ ಹೆಚ್ಚಿನವರು ಚಲುವಾದಿ ಮತ್ತು ಚನ್ನಂಗಿ ಸಮುದಾಯಗಳ ಕೂಲಿಕಾರರು. ಗದ್ದೆಯ ಕೆಲಸವೇ ಜೀವನಾಧಾರವಾದವರಿಗೆ ಸೊಂಟ ಬಗ್ಗದಂತಾದರೆ ಅನ್ನದ ದಾರಿಯೇ ಮುಚ್ಚಿದಂತೆ.

ಇಲ್ಲಿಗೆ ಯಾರೂ ಬರಲೇ ಇಲ್ಲವೆಂದರೆ ಸುಳ್ಳಾಗುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ತಜ್ಞರು ಎಪ್ಪತ್ತರ ದಶಕದಲ್ಲೇ ಬಂದು ಪರೀಕ್ಷಿಸಿದರು. ಕೀಟನಾಶಕ ಬೆರೆತ ಗದ್ದೆಯ ಏಡಿಗಳನ್ನು ತಿಂದದ್ದೇ ಕಾರಣವಿರಬಹುದೆಂಬ ಊಹೆಯೂ ಬಹುಕಾಲ ಓಡಾಡಿತು. ಮುಂದೆ ನಡೆದ ಅಧ್ಯಯನಗಳು ಇದು ಮೂಳೆಯ ಬೆಳವಣಿಗೆಯನ್ನೇ ಕೆಡಿಸುವ ಆನುವಂಶಿಕ ದೋಷವೆಂದು ತೋರಿಸಿದವು. ಹತ್ತನೆಯ ತರಗತಿಯಲ್ಲಿ ಮೆಂಡಲನ ಬಟಾಣಿ ಗಿಡಗಳ ಪಾಠ ಕೇಳಿದವರಿಗೆ ನೆನಪಿರಬೇಕು: ಇದು ಪ್ರಬಲ ಲಕ್ಷಣ. ತಂದೆ ಅಥವಾ ತಾಯಿ ಒಬ್ಬರಲ್ಲಿದ್ದರೂ ಪ್ರತಿಯೊಂದು ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ. ಬೆಳಕಿಗೆ ಬಂದು ಐವತ್ತು ವರ್ಷಗಳಾದ ಈ ಕಾಯಿಲೆಗೆ ಇಂದಿಗೂ ಗುಣಪಡಿಸುವ ಔಷಧವಿಲ್ಲ.

ಈ ಎರಡು ಕಥೆಗಳ ನಡುವಿನ ಅಂತರವೇನು? ನಾನು ಕಂಡುಕೊಂಡ ಉತ್ತರ ಕಹಿಯಾದದ್ದು. ಮಂಗನ ಕಾಯಿಲೆ ಹಬ್ಬಬಹುದೆಂಬ ಭಯವಿತ್ತು; ರಾಜಧಾನಿಯಲ್ಲಿ ಕುಳಿತವರಿಗೂ ಅದರ ಬಿಸಿ ತಟ್ಟಬಹುದಿತ್ತು. ಹಂದಿಗೋಡಿನ ಕಾಯಿಲೆ ಆ ಮನೆಗಳ ರಕ್ತವನ್ನು ಬಿಟ್ಟು ಹೊರಗೆ ಬರುವುದಿಲ್ಲ. ಅದು ಯಾರನ್ನೂ ಹೆದರಿಸುವುದಿಲ್ಲ. ಹೆದರಿಸದ ನೋವಿಗೆ ಸರಕಾರದ ಬೊಕ್ಕಸ ತಾನಾಗಿ ತೆರೆಯುವುದಿಲ್ಲ. ಆದ್ದರಿಂದಲೇ ದೀರ್ಘಕಾಲದ ಕಾಯಿಲೆಯವರು ತಮ್ಮ ಪರವಾಗಿ ತಾವೇ ಗಟ್ಟಿಯಾಗಿ ಕೇಳಬೇಕಾಗುತ್ತದೆ, ಮತ್ತು ನಡೆಯಬಲ್ಲವರಾದ ನಾವು ಅವರ ಜೊತೆ ನಿಲ್ಲಬೇಕಾಗುತ್ತದೆ.

ಈಚೆಗೆ ಒಂದು ಮದುವೆ ಮನೆಯಲ್ಲಿ ಈ ಮಾತೆತ್ತಿದಾಗ ಬಂಧುವೊಬ್ಬರು, "ಮಾಸಾಶನ ಕೊಡ್ತಾರಲ್ಲ ಮೇಷ್ಟ್ರೇ, ಇನ್ನು ಸಂಶೋಧನೆ ಯಾತಕ್ಕೆ?" ಎಂದರು. ಮಾಸಾಶನ ಬೇಕು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದು ಇಂದು ಊಟಕ್ಕಾದೀತೇ ಹೊರತು ನಾಳೆ ಹುಟ್ಟುವ ಮಗುವಿನ ಸೊಂಟವನ್ನು ಉಳಿಸಲಾರದು. 2021ರ ರಾಷ್ಟ್ರೀಯ ವಿರಳ ರೋಗಗಳ ನೀತಿಯಡಿ ಈಗ ರೋಗಿಯೊಬ್ಬರ ಚಿಕಿತ್ಸೆಗೆ 50 ಲಕ್ಷ ರೂಪಾಯಿಯವರೆಗೆ ನೆರವಿನ ಅವಕಾಶವಿದೆ. ಒಳ್ಳೆಯದೇ. ಆದರೆ ಔಷಧವೇ ಹುಟ್ಟದ ಕಾಯಿಲೆಗೆ ಆ ಹಣ ಯಾವ ಔಷಧವನ್ನು ಕೊಂಡೀತು?

"ನೂರಾರು ಜನರಿಗಾಗಿ ಅಷ್ಟು ಖರ್ಚೇ?" ಎನ್ನುವವರೂ ಉಂಟು. ನನಗೂ ಮೊಣಕಾಲು ನೋವಿದೆ. ನನ್ನ ವಯಸ್ಸಿನ ಕೋಟ್ಯಂತರ ಮಂದಿಗೆ ಇರುವುದರಿಂದ ಕಂಪನಿಗಳು ನಾಮುಂದು ತಾಮುಂದು ಎಂದು ಮಾತ್ರೆ, ಮುಲಾಮು, ಕೃತಕ ಕೀಲುಗಳನ್ನು ತಯಾರಿಸುತ್ತವೆ. ಕೆಲವೇ ನೂರು ಬಡವರ ಕಾಯಿಲೆಯಲ್ಲಿ ಯಾವ ವ್ಯಾಪಾರಿಗೂ ಲಾಭವಿಲ್ಲ. ವ್ಯಾಪಾರಿ ಕಾಲಿಡದಲ್ಲಿ ಕಾಲಿಡುವುದಕ್ಕೇ ಅಲ್ಲವೇ ಸರಕಾರವೆಂಬುದು ಇರುವುದು? ನಮ್ಮ ದೇಶ ಎಲ್ಲ ಬಗೆಯ ಸಂಶೋಧನೆಗೂ ಸೇರಿ 2020–21ರಲ್ಲಿ ವ್ಯಯಿಸಿದ್ದು ಒಟ್ಟು ದೇಶೀಯ ಉತ್ಪನ್ನದ ಶೇಕಡಾ 0.64 ಮಾತ್ರ. ಬಡತನದ ನೆಪ ಹೇಳುವ ಮುನ್ನ ಈ ಅಂಕಿಯನ್ನು ಒಮ್ಮೆ ನೋಡಬೇಕು.

ಮೂರನೆಯ ವಾದ ಎಲ್ಲಕ್ಕಿಂತ ಅಪಾಯಕಾರಿ: "ಹುಟ್ಟಿನಿಂದ ಬಂದದ್ದು, ಹಣೆಬರಹ." ಇದು ವಿಜ್ಞಾನ ಓದಿದವರ ಬಾಯಲ್ಲಿ ಬರಬಾರದ ಮಾತು. ಮೂಳೆ ಬೆಳವಣಿಗೆಯ ಮತ್ತೊಂದು ಆನುವಂಶಿಕ ದೋಷವಾದ ಅಕಾಂಡ್ರೊಪ್ಲೇಸಿಯಾಕ್ಕೆ ವೊಸೊರಿಟೈಡ್ ಎಂಬ ಔಷಧ 2021ರಲ್ಲಿ ಯುರೋಪು ಮತ್ತು ಅಮೆರಿಕದಲ್ಲಿ ಅನುಮೋದನೆ ಪಡೆಯಿತು. ಕುಡಗೋಲು ಕಣ ರಕ್ತಹೀನತೆಗೆ ಜೀನ್ ತಿದ್ದುವ ಚಿಕಿತ್ಸೆಗೆ 2023ರಲ್ಲಿ ಒಪ್ಪಿಗೆ ದೊರೆಯಿತು. ಹಣೆಬರಹವೆಂದು ಕೈಚೆಲ್ಲಿದ್ದರೆ ಇವೆರಡೂ ಆಗುತ್ತಿರಲಿಲ್ಲ.

ಕೇಳಿದರೆ ಸಿಕ್ಕೀತೇ ಎನ್ನುವವರಿಗೆ ಚರಿತ್ರೆಯೇ ಉತ್ತರ ಹೇಳುತ್ತದೆ. ಅಮೆರಿಕದಲ್ಲಿ ವಿರಳ ರೋಗಿಗಳ ಕುಟುಂಬಗಳು ಪಟ್ಟುಹಿಡಿದ ಫಲವಾಗಿ 1983ರಲ್ಲಿ, ಅಂಥ ರೋಗಗಳ ಔಷಧ ಶೋಧನೆಯನ್ನು ಉತ್ತೇಜಿಸುವ ಕಾಯಿದೆ ಬಂತು. 1990ರ ಮೇ ತಿಂಗಳಲ್ಲಿ ಏಡ್ಸ್ ರೋಗಿಗಳು ಮತ್ತು ಅವರ ಗೆಳೆಯರು ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಅಂಗಳಕ್ಕೇ ನುಗ್ಗಿ ಪ್ರತಿಭಟಿಸಿದರು. ಸಂಶೋಧನೆಯ ದಿಕ್ಕನ್ನು ನಿರ್ಧರಿಸುವ ಸಮಿತಿಗಳಲ್ಲಿ ಕ್ರಮೇಣ ರೋಗಿಗಳಿಗೂ ಕುರ್ಚಿ ದೊರೆಯಿತು. ಅಳದ ಮಗುವಿಗೆ ತಾಯಿಯೂ ಹಾಲೂಡಿಸುವುದಿಲ್ಲವೆಂಬ ನಮ್ಮ ಹಿರಿಯರ ಮಾತು ಅಲ್ಲಿಯೂ ನಿಜವಾಯಿತು.

ಹಾಗಾದರೆ ಕೇಳಬೇಕಾದದ್ದೇನು? ತಂಡವೊಂದು ಬಂದು ರಕ್ತ ತೆಗೆದುಕೊಂಡು ಹೋದರೆ ಸಾಲದು. ಹತ್ತಾರು ವರ್ಷ ಕುಂದದೆ ಹರಿಯುವ ಅನುದಾನ ಬೇಕು. ಶಿವಮೊಗ್ಗದ ಸರಕಾರಿ ವೈದ್ಯಕೀಯ ಕಾಲೇಜಿನಲ್ಲಿ ಈ ಕಾಯಿಲೆಗೆಂದೇ ಒಂದು ವಿಭಾಗ ಬೇಕು. ಮದುವೆಯಾಗುವ ಮುನ್ನ, ಮಕ್ಕಳಾಗುವ ಮುನ್ನ ಆನುವಂಶಿಕ ಸಲಹೆ ಕನ್ನಡದಲ್ಲಿ, ಅವಮಾನವಾಗದಂತೆ ದೊರಕಬೇಕು. ರಕ್ತ ಕೊಟ್ಟವರಿಗೆ ಅದರಿಂದ ತಿಳಿದದ್ದೇನೆಂದು ಬಂದು ಹೇಳುವುದು ಸಂಶೋಧಕರ ಕರ್ತವ್ಯವೆಂದು ಅನುದಾನದ ಷರತ್ತಿನಲ್ಲೇ ಬರೆಯಬೇಕು.

ನಿಮ್ಮಲ್ಲಿ ವೈದ್ಯರಿದ್ದೀರಿ, ಪತ್ರಕರ್ತರಿದ್ದೀರಿ, ವಿಧಾನಸೌಧದಲ್ಲಿ ಕಡತ ನೋಡುವವರೂ ಇದ್ದೀರಿ. ಮಾಹಿತಿ ಹಕ್ಕು ಕಾಯಿದೆ 2005ರಿಂದ ನಮ್ಮ ಕೈಯಲ್ಲಿದೆ. ರಾಜ್ಯದಲ್ಲಿ ಅರ್ಜಿಯ ಶುಲ್ಕ ಹತ್ತು ರೂಪಾಯಿ. ಹಂದಿಗೋಡು ಕಾಯಿಲೆಯ ಸಂಶೋಧನೆಗೆ ಕಳೆದ ಹತ್ತು ವರ್ಷಗಳಲ್ಲಿ ಎಷ್ಟು ಹಣ ಮಂಜೂರಾಯಿತು, ಎಷ್ಟು ಖರ್ಚಾಯಿತು, ಏನು ತಿಳಿಯಿತು ಎಂಬ ಮೂರೇ ಪ್ರಶ್ನೆ ಕೇಳಿ. ತರಗತಿಯಲ್ಲಿ ನಿಮಗೆ ಬಹಳಷ್ಟು ಪ್ರಶ್ನೆ ಕೇಳಿದವನು ನಾನು. ಈಗ ಸರಕಾರವನ್ನು ಕೇಳುವ ಸರದಿ ನಿಮ್ಮದು. ಉತ್ತರ ಬಂದರೆ ನನಗೂ ಒಂದು ಪ್ರತಿ ಕಳುಹಿಸಿ.