ಹೊಳೆಯಂಚಿನ ಗದ್ದೆ

ಪಶ್ಚಿಮ ಆಫ್ರಿಕದ ಗ್ಯಾಂಬಿಯಾ ಬಹು ಪುಟ್ಟ ದೇಶ. ಅದೇ ಹೆಸರಿನ ನದಿಯ ಎರಡು ದಡಗಳೇ ಆ ದೇಶವೆಂದರೂ ಸಲ್ಲುವುದು. ಗಿನಿಯ ಫೂಟಾ ಜಲ್ಲೋನ್ ಬೆಟ್ಟಸೀಮೆಯಲ್ಲಿ ಹುಟ್ಟುವ ಈ ನದಿಯ ನಡುಹರಿವಿನಲ್ಲಿ ಜಾಂಜಾಂಬುರೆ ಎಂಬ ದ್ವೀಪವಿದೆ. 1823ರಲ್ಲಿ ಬ್ರಿಟಿಷರು ಅಲ್ಲಿ ಜಾರ್ಜ್‌ಟೌನ್ ಎಂಬ ಪಟ್ಟಣವನ್ನು ಕಟ್ಟಿದರು. ಇಂದು ಪಟ್ಟಣಕ್ಕೂ ದ್ವೀಪದ ಹೆಸರೇ ಸಂದಿದೆ.

ದ್ವೀಪಕ್ಕೆ ಅನತಿದೂರದಲ್ಲಿ, ನದಿಯ ಉತ್ತರಕ್ಕೆ, ವಾಸು ಎಂಬ ಊರು. ಅಲ್ಲಿ ಜಂಬಿಟ್ಟಿಗೆಯ ಕಲ್ಲುಕಂಬಗಳು ವೃತ್ತವೃತ್ತವಾಗಿ ನಿಂತಿವೆ. ಕೆಲವು ಆಳೆತ್ತರವನ್ನೂ ಮೀರಿವೆ. ಕಬ್ಬಿಣದ ಹತಾರಗಳಿಂದ ಅವನ್ನು ಕಡೆದು, ಸಮಾಧಿಗಳಿದ್ದೆಡೆ ನಿಲ್ಲಿಸಿದವರು ಯಾರೆಂಬುದು ಇನ್ನೂ ನಿಶ್ಚಯವಾಗಿಲ್ಲ. 2006ರಲ್ಲಿ ಯುನೆಸ್ಕೊ ಸಂಸ್ಥೆ ಇವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಈ ಸೀಮೆಗೆ ಇನ್ನೊಂದು ಪರಂಪರೆಯಿದೆ. ಅದು ಭತ್ತದ ಬೇಸಾಯ. ಕಡಲಿನ ಉಬ್ಬರ ನದಿಯೊಳಗೆ ಬಹುದೂರ ಒತ್ತಿ ಬರುತ್ತದೆ. ಉಪ್ಪುನೀರು ಕೆಳಹೊಳೆಯಲ್ಲೇ ತಡೆದು ನಿಂತರೂ, ಆ ಒತ್ತಡಕ್ಕೆ ಮೇಲಣ ಸಿಹಿನೀರು ದಿನಕ್ಕೆರಡು ಬಾರಿ ಏರಿ ತಗ್ಗಿನ ಗದ್ದೆಗಳನ್ನು ತೋಯಿಸುತ್ತದೆ. ಎಲ್ಲಿ ಎಷ್ಟು ನೀರು ನಿಲ್ಲುವುದು, ಯಾವ ನೆಲಕ್ಕೆ ಯಾವ ತಳಿ ಒಗ್ಗುವುದು ಎಂಬುದನ್ನು ಬಲ್ಲವರು ಮಾಂಡಿಂಕಾ ಹೆಂಗಸರು. ಮೇಲುನೆಲದ ಕಡಲೆಕಾಯಿ, ಸಜ್ಜೆ ಗಂಡಸರವು. ಹೊಳೆಯಂಚಿನ ಭತ್ತ ಹೆಂಗಸರದು. ಮನೆಯವರೆಲ್ಲರ ಊಟಕ್ಕಾಗಿ ಬೆಳೆಯುವ ಗದ್ದೆಗೆ ‘ಮರುವೊ’ ಎಂದು ಹೆಸರು. ಹೆಂಗಸು ತನ್ನದಾಗಿ ಸಾಗುಮಾಡುವ ತುಂಡಿಗೆ ‘ಕಮನ್ಯಾಂಗೊ’ ಎನ್ನುವರು. ಅದರ ಫಸಲನ್ನು ಮಾರಿ ಬಂದ ಹಣಕ್ಕೆ ಅವಳೇ ಒಡತಿ.

1984ರಲ್ಲಿ ಇದೇ ಸೀಮೆಯ ಜಹಾಲಿ-ಪಚಾರ್ ಬಯಲಿನಲ್ಲಿ ದೊಡ್ಡ ನೀರಾವರಿ ಯೋಜನೆ ಆರಂಭವಾಯಿತು. ಪಂಪುಗಳು ಬಂದವು, ವರ್ಷಕ್ಕೆ ಎರಡು ಬೆಳೆ ಸಾಧ್ಯವಾಯಿತು. ಗದ್ದೆಗಳನ್ನು ಹೆಂಗಸರ ಹೆಸರಿಗೇ ಬರೆಸಬೇಕೆಂಬ ಸದುದ್ದೇಶವೂ ಯೋಜನೆಗಿತ್ತು. ದಾಖಲೆಯಲ್ಲಿ ಹೆಸರೇನೋ ಬಂದಿತು. ಆದರೆ ಗದ್ದೆಗಳು ‘ಮರುವೊ’ ಎಂದು ಎಣಿಕೆಯಾಗಿ, ಫಸಲು ಮನೆಯ ಯಜಮಾನನ ವಶಕ್ಕೆ ಹೋಯಿತು. ಹೆಂಗಸರ ದುಡಿಮೆ ಒಂದು ಹಂಗಾಮಿನಿಂದ ಎರಡಕ್ಕೆ ಏರಿತು. ಅವರ ಸ್ವಂತ ತುಂಡು ಇಲ್ಲವಾಯಿತು.

ಅವರು ಸುಮ್ಮನೆ ಸಹಿಸಲಿಲ್ಲ. ಕೆಲವರು ಫಸಲಿನಲ್ಲಿ ಪಾಲು ಕೇಳಿ ಪಡೆದರು. ಕೆಲವರು ಮನೆಯ ಗದ್ದೆಗೆ ಇಳಿಯಲು ಒಪ್ಪಲಿಲ್ಲ. ಮತ್ತೆ ಕೆಲವರು ಗುಂಪು ಕಟ್ಟಿಕೊಂಡು ಅನ್ಯರ ಗದ್ದೆಗಳಲ್ಲಿ ನಾಟಿಮಾಡಿ ಕೂಲಿ ಗಳಿಸಿದರು.

ವಾಸುವಿನ ಕಲ್ಲುಗಳಿಗೆ ಇಂದು ಕಾವಲಿದೆ. ಉಬ್ಬರದ ನೀರನ್ನು ಅಳೆದು ಅನ್ನ ಬೆಳೆಯುವ ವಿದ್ಯೆಯೂ ಆ ನಾಡಿನ ಪರಂಪರೆಯೇ. ಅದನ್ನು ಕಾಪಾಡಿಕೊಂಡು ಬಂದವಳಿಗೆ ತನ್ನದೆನ್ನುವ ಒಂದು ತುಂಡು ಗದ್ದೆ ಉಳಿಯಬೇಡವೆ?