ಇಪ್ಪತ್ತು ಅಂದ್ರೆ ಇಪ್ಪತ್ತು ಏನು?

ನಮ್ಮ ದೊಡ್ಡಪ್ಪ ಆಸ್ಪತ್ರೆಯಿಂದ ಬಂದವರೇ ಚೀಟಿಯನ್ನು ನನ್ನ ಕೈಗಿಟ್ಟರು. ರಕ್ತದಲ್ಲಿ ಪೊಟ್ಯಾಸಿಯಂ ಕಮ್ಮಿ, ಸಿರಪ್ ಕುಡೀಬೇಕು. ಚೀಟಿಯಲ್ಲಿ ಇದ್ದದ್ದು ಇಷ್ಟೇ: '20 ಎಂಇಕ್ಯೂ'.

"20 ಎಂಎಲ್ ತಾನೇ ಮಗಾ?" ಅಂದರು.

ಅಲ್ಲ. ಬಾಟಲಿಯ ಸಣ್ಣಕ್ಷರ ಓದಿದೆ. 15 ಎಂಎಲ್ ಸಿರಪ್ಪಿನಲ್ಲಿ ಒಂದೂವರೆ ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್. ಅಷ್ಟಕ್ಕೇ 20 ಮಿಲಿ ಈಕ್ವಿವಲೆಂಟ್ ಆಗಿಹೋಯ್ತು. 20 ಎಂಎಲ್ ಕುಡಿದರೆ ಸುಮಾರು 27. ಕಿಡ್ನಿ ಸೋತ ವಯಸ್ಸಾದವರಿಗೆ ದಿನಾ ಹೀಗೆ ಹೆಚ್ಚು ಹೋದರೆ? ಪೊಟ್ಯಾಸಿಯಂ ಮಿತಿ ಮೀರಿದರೆ ಗುಂಡಿಗೆಯೇ ನಿಲ್ಲಬಹುದು.

ಇದನ್ನು ಹೇಳಿದರೆ ಸಿಗೋ ಉತ್ತರ: "ಅದೆಲ್ಲಾ ಹಳ್ಳಿ ಜನಕ್ಕೆ ಅರ್ಥ ಆಗಲ್ಲ ಬಿಡಿ." ನನಗೆ ಮೈ ಉರಿಯೋದೇ ಈ ಮಾತಿಗೆ. ಪಿರಿಯಾಪಟ್ಟಣದ ಹೊಗೆಸೊಪ್ಪು ಬೆಳೆಗಾರನಿಗೆ ಅರ್ಥ ಆಗಲ್ವಾ? 50 ಕೆಜಿ ಎಸ್‌ಒಪಿ ಚೀಲದಲ್ಲಿ ಪೊಟ್ಯಾಷ್ ಲೆಕ್ಕಕ್ಕೆ ಬರೋದು 25 ಕೆಜಿ ಅಂತ ಅವನಿಗೆ ಗೊತ್ತು. ಕ್ಲೋರೈಡ್ ಇರೋ ಎಂಒಪಿ ಹಾಕಿದರೆ ಎಲೆ ಸರಿಯಾಗಿ ಉರಿಯಲ್ಲ ಅಂತಲೂ ಗೊತ್ತು. ಹೊಲಕ್ಕೆ ಹಾಕೋದೂ ಪೊಟ್ಯಾಸಿಯಮ್ಮೇ, ದೊಡ್ಡಪ್ಪನ ಗುಂಡಿಗೆಗೆ ಬೇಕಾದ್ದೂ ಪೊಟ್ಯಾಸಿಯಮ್ಮೇ.

ವಿಷಯ ಕಷ್ಟದ್ದೂ ಅಲ್ಲ. ಮಿಲಿ ಈಕ್ವಿವಲೆಂಟ್ ತೂಕವಲ್ಲ, ವಿದ್ಯುತ್ ಆವೇಶದ ಎಣಿಕೆ. ಒಂದೊಂದು ಕಣಕ್ಕೂ ಇಷ್ಟು ಕೈ ಅಂದ್ಕೊಳ್ಳಿ. ಸೋಡಿಯಂಗೆ, ಪೊಟ್ಯಾಸಿಯಂಗೆ ಒಂದೇ ಕೈ. 23 ಮಿಲಿಗ್ರಾಂ ಸೋಡಿಯಮ್ಮೂ 39 ಮಿಲಿಗ್ರಾಂ ಪೊಟ್ಯಾಸಿಯಮ್ಮೂ ಒಂದೊಂದು ಎಂಇಕ್ಯೂ. ಕ್ಯಾಲ್ಸಿಯಂನ ಪರಮಾಣು ತೂಕ 40, ಆದರೆ ಕೈ ಎರಡು. ಹಾಗಾಗಿ 20 ಮಿಲಿಗ್ರಾಮೇ ಸಾಕು. ಇನ್ನು ಸಿರಪ್ಪಿಗೆ ಬನ್ನಿ. ಪೊಟ್ಯಾಸಿಯಂನ 39ಕ್ಕೆ ಕ್ಲೋರೈಡಿನ 35.5 ಸೇರಿಸಿ, 74.5. ಒಂದೂವರೆ ಗ್ರಾಂ ಅಂದರೆ 1500 ಮಿಲಿಗ್ರಾಂ. ಭಾಗಿಸಿ, 20 ಬಂತು. ಹೈಸ್ಕೂಲು ಮಕ್ಕಳು ಮಾಡೋ ಲೆಕ್ಕ ಇದು.

ಡಾಕ್ಟರು ಎಂಇಕ್ಯೂ ಬರೆದದ್ದು ತಪ್ಪಲ್ಲ. ಲವಣಗಳ ಲೆಕ್ಕಕ್ಕೆ ಅದು ಸರಿಯಾದ ಅಳತೆಯೇ. ಪಕ್ಕದಲ್ಲಿ '15 ಎಂಎಲ್, ನೀರಿಗೆ ಬೆರೆಸಿ, ಊಟ ಆದ ಮೇಲೆ' ಅಂತ ಕನ್ನಡದಲ್ಲಿ ಒಂದು ಸಾಲು ಬರೆಯದೇ ಇದ್ದದ್ದು ತಪ್ಪು. ಅಷ್ಟು ಬರೆಯೋಕೆ ಅರ್ಧ ನಿಮಿಷ ಬೇಕಾ?

ತಪ್ಪು ನಮ್ಮದೂ ಇದೆ. ಶುಂಠಿ ರೇಟು ಹೇಳಿದ ತಕ್ಷಣ "60 ಕೆಜಿ ಮೂಟೆಗಾ?" ಅಂತ ಕೇಳೋ ಜನ ನಾವು. ಔಷಧಿ ಅಂಗಡಿ ಮುಂದೆ ನಿಂತಾಗ ಮಾತ್ರ ಬಾಯಿ ಯಾಕೆ ಬಿದ್ದುಹೋಗುತ್ತೆ? ಕೇಳ್ರೀ, "ಇಪ್ಪತ್ತು ಏನು?" ಅಂತ. ಬಿಡಿಸಿ ಹೇಳೋವರೆಗೂ ಕೌಂಟರ್ ಬಿಟ್ಟು ಕದಲಬೇಡಿ.