ಹತ್ತೊಂಬತ್ತನೆಯ ನಂಬರು



ಮಕ್ಕಳು ಓಟದ ಪಂದ್ಯ ಮುಗಿಸಿ ಮನೆಗೆ ಬಂದರೆ ನಾವು ಮೊದಲು ಕೇಳುವುದು, "ಎಷ್ಟನೇ ನಂಬರ ಬಂತು?" ಮೂರರೊಳಗೆ ಬರದಿದ್ದರೆ, "ಹೋಗ್ಲಿ ಬಿಡು, ಕೈಕಾಲು ತೊಳಕೊಂಡು ಊಟಕ್ಕ ಬಾ" ಎಂದು ಮುಗಿಸಿಬಿಡುತ್ತೇವೆ. ಆದ್ದರಿಂದ ಈ ಸಲ ನಮ್ಮ ಭಾಗದವರೇ ಆದ ಹತ್ತೊಂಬತ್ತನೇ ನಂಬರಿನವರೊಬ್ಬರ ವಿಷಯ ಹೇಳುತ್ತೇನೆ.

ಅವರು ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆ. ಪುಣೆಯ ಡೆಕ್ಕನ್ ಜಿಮಖಾನಾದ ಪಂದ್ಯಗಳಲ್ಲಿ ರೈತಾಪಿ ಹುಡುಗರು ಬರಿಗಾಲಿನಲ್ಲಿ ಓಡುವುದನ್ನು ಕಂಡು ಸರ್ ದೊರಾಬ್ಜಿ ಟಾಟಾ ಬೆರಗಾದರು. ಇಂಥವರನ್ನು ಒಲಿಂಪಿಕ್ಸಿಗೆ ಕಳಿಸಲೇಬೇಕೆಂದು ಹಣವನ್ನೂ ಕೊಟ್ಟರು. ಹೀಗೆ 1920ರಲ್ಲಿ, ಇನ್ನೂ ಬ್ರಿಟಿಷರ ಆಳ್ವಿಕೆ ಇದ್ದಾಗ, ಚೌಗುಲೆಯವರು ಬೆಲ್ಜಿಯಂ ದೇಶದ ಆಂಟ್ವರ್ಪಿಗೆ ಹೋಗಿ ಮ್ಯಾರಥಾನ್ ಓಡಿದರು.

ದೂರ ಎಷ್ಟು ಗೊತ್ತೇ? 42.75 ಕಿಲೋಮೀಟರು! ಹೆಚ್ಚುಕಡಿಮೆ ವಿಜಯಪುರದಿಂದ ಬಸವನ ಬಾಗೇವಾಡಿಗೆ ಇರುವಷ್ಟು. ಬಸ್ಸಿನಲ್ಲಿ ಕೂತು ಹೋದರೇ ನಮಗೆ ಸೊಂಟ ಹಿಡಿಯುತ್ತದೆ. ಹಲವರು ನಡುವೆಯೇ ನಿಂತುಬಿಟ್ಟರು. ಜೊತೆಗೆ ಹೋಗಿದ್ದ ಸದಾಶಿವ ದಾತಾರರಿಗೂ ಮುಗಿಸಲಾಗಲಿಲ್ಲ. ಚೌಗುಲೆಯವರು 2 ಗಂಟೆ 50 ನಿಮಿಷದಲ್ಲಿ ಮುಗಿಸಿ ಹತ್ತೊಂಬತ್ತನೆಯವರಾದರು. ಚಿನ್ನ ಗೆದ್ದ ಫಿನ್ಲೆಂಡಿನ ಕೊಲೆಹ್ಮೈನೆನ್ ಇವರಿಗಿಂತ ಮುಂದಿದ್ದದ್ದು ಸುಮಾರು 18 ನಿಮಿಷ, ಅಂದರೆ ಕುಕ್ಕರಿನಲ್ಲಿ ಅನ್ನ ಆಗುವಷ್ಟು ಹೊತ್ತು! ಪದಕ ಬರಲಿಲ್ಲ ನಿಜ. ಆದರೆ ಒಲಿಂಪಿಕ್ಸಿನ ಮ್ಯಾರಥಾನನ್ನು ಓಡಿ ಮುಗಿಸಿದ ಮೊದಲ ಭಾರತೀಯರು ಅವರೇ.

ಆ ಓಟದಲ್ಲಿ ಹೆಣ್ಣುಮಕ್ಕಳಿಗೆ ಜಾಗವಿರಲಿಲ್ಲ. ಅಷ್ಟು ದೂರ ಹೆಣ್ಣಿನ ಮೈ ತಾಳದೆಂದು ಬಹಳ ಕಾಲ ನಂಬಿದ್ದರು. ತುಂಬಿದ ಕೊಡ ಹೊತ್ತು ನಡೆದ ನಮ್ಮ ತಾಯಂದಿರನ್ನು ಅವರು ನೋಡಿರಲಿಲ್ಲವೇನೋ! ಒಲಿಂಪಿಕ್ಸಿನಲ್ಲಿ ಹೆಂಗಸರ ಮ್ಯಾರಥಾನ್ ಶುರುವಾದದ್ದು 1984ರಲ್ಲಿ, ಲಾಸ್ ಏಂಜಲೀಸಿನಲ್ಲಿ. 2003ರಲ್ಲಿ ಬ್ರಿಟನ್ನಿನ ಪೌಲಾ ರ‍್ಯಾಡ್‌ಕ್ಲಿಫ್ ಲಂಡನ್ ಮ್ಯಾರಥಾನನ್ನು 2 ಗಂಟೆ 15 ನಿಮಿಷ 25 ಸೆಕೆಂಡಿನಲ್ಲಿ ಮುಗಿಸಿ, ತಾಳದೆಂದವರ ಬಾಯಿ ಮುಚ್ಚಿಸಿದರು.

ಜಗತ್ತು ತೆರೆದ ಬಾಗಿಲನ್ನು ನಾವು ಮನೆಯಲ್ಲಿ ಮುಚ್ಚುವುದು ಬೇಡ. "ದೊಡ್ಡಾಕಿ ಆದ್ಲು, ಇನ್ನ ಓಡೂದು ಸಾಕು" ಎಂಬ ಮಾತು ನಮ್ಮ ಓಣಿಗಳಲ್ಲಿ ಇನ್ನೂ ಉಂಟಲ್ಲವೇ? ಮಗಳಿಗೆ ಓಡುವ ಆಸೆಯಿದ್ದರೆ ಮುಂಜಾನೆ ಬೇಗ ಎಬ್ಬಿಸಿ. ಕಾಲಿಗೆ ಸರಿಹೋಗುವ ಬೂಟು ಕೊಡಿಸಿ. ಓಡಿ ಬಂದ ಮೇಲೆ ನೀರು, ಒಂದು ಶೇಂಗಾ ಉಂಡಿ ಕೊಡಿ. ಹಿರಿಯರು ಗೊಣಗಿದರೆ ಮಗಳ ಪರವಾಗಿ ನೀವೇ ಒಂದು ಮಾತಾಡಿ. ಅವಳಿಗೆ ನಂಬರು ಬರಲಿ, ಬಿಡಲಿ, ಹಿಡಿದ ಓಟವನ್ನು ಮುಗಿಸುವ ಗಟ್ಟಿತನ ಬಂದರೆ ಅದು ಜೀವನಕ್ಕೆಲ್ಲ ಸಾಕು.